ಎರಡು ಬೂದಿ

ಮಧುಗಿರಿ ಬೆಟ್ಟದ ಬುಡ
ಫೆಬ್ರವರಿ ಮೂವತ್ತು, ೨೨೯೪

ಹಿಂದಿನ ಕಾಲದಲ್ಲಿ ನೆಲನೆಲ್ಲಿ ಬೆಳೆಯುತ್ತಿರುವ ಹಿರಿಯರಿಗೆ ಮಾರಕ್ಕ ಮಾಡುವ ನಮಸ್ಕಾರ.

ತಾರೀಕು ತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಇಲ್ಲಿನ ಕೆಲವು ಮಾತು ನಿಮ್ಮ ಕಿವಿಗೆ ಹೊಸವು, ಕ್ಷಮಿಸಬೇಕು.

ಈಗ ಬಯಲಿನಲ್ಲಿ ಏನೂ ಬೆಳೆಯುವುದಿಲ್ಲ, ಬಿಸಿಲು ಸುಟ್ಟುಬಿಡುತ್ತದೆ. ಗಿಡಗಳೆಲ್ಲ ಬಲೆಮನೆಯಲ್ಲಿ, ಅಂದರೆ ಹಸಿರು ಬಲೆ ಹೊದಿಸಿದ ಉದ್ದನೆಯ ಚಪ್ಪರದೊಳಗೆ ಇರುತ್ತವೆ. ನಮ್ಮೂರಿಗೆ ಆರು ಬಲೆಮನೆ. ಆರರಲ್ಲೂ ನೆಲನೆಲ್ಲಿಯೇ, ಏಕೆಂದರೆ ಅರಿಶಿನಜ್ವರಕ್ಕೆ ಅದರ ರಸ ಬಿಟ್ಟು ನಮಗೆ ಬೇರೆ ಔಷಧಿ ಸಿಕ್ಕಿಲ್ಲ. ಆ ಜ್ವರದ ಹಳದಿ ಮೊದಲು ಕಣ್ಣಿಗೆ ಬರುತ್ತದೆ, ಆಮೇಲೆ ಉಗುರಿಗೆ. ನಾನು ಎಲೆನೋಡಿ. ದಿನಾ ಬೆಳಿಗ್ಗೆ ಸಾಲಿನುದ್ದಕ್ಕೂ ಕುಕ್ಕರಗಾಲಿನಲ್ಲಿ ಸಾಗುತ್ತಾ ಎಲೆ ಮಗುಚಿ ನೋಡುವುದು ನನ್ನ ಕೆಲಸ. ಕಂದು ಚುಕ್ಕೆಯ ಸುತ್ತ ಹಳದಿ ಬಳೆಯಿದ್ದರೆ ಚುಕ್ಕೆ ರೋಗ. ಬೆರಳಿಗೆ ಕೆಂಪು ಪುಡಿ ಹತ್ತಿದರೆ ತುಕ್ಕು ರೋಗ. ಬಿಳಿ ಪುಡಿ ಹತ್ತಿದರೆ ಬೂದಿ ರೋಗ, ಅದನ್ನು ನಾವು ಬರೀ ‘ಬೂದಿ’ ಅನ್ನುತ್ತೇವೆ. ಹುಳ ಬಾರದಿರಲೆಂದು ಎಲೆಗೆ ಎರಚುವ ಒಲೆಯ ಬೂದಿಗೂ ಅದೇ ಹೆಸರು.

ಕಳೆದ ತಿಂಗಳು ಮೂರನೇ ಸಾಲಿನಲ್ಲಿ ಎಲೆಯ ಅಡಿಯಲ್ಲೂ ಬಿಳುಪು ಕಂಡಿತು. ಎರಚಿದ ಬೂದಿ ಅಡಿಗೆ ಅಂಟುವುದಿಲ್ಲ, ಅಂದರೆ ಇದು ರೋಗವೇ. ಬಲೆಮನೆಯ ಯಜಮಾನ ಓಬಳಜ್ಜನ ಹತ್ತಿರ ಹೋಗಿ ಹೇಳಿದೆ.

“ಅಜ್ಜ, ಮೂರ್ನೇ ಸಾಲ್ಗೆ ಬೂದಿ ಬಂದೈತೆ.”

“ಬರ್ದೆ ಇನ್ನೇನವ್ವ? ಎರಚಿದ್ದು ನಾನೇ. ವಿಭೂತಿನೂ ಹಚ್ಲಾ ಅದ್ಕೆ?”

ಎಲ್ಲರೂ ನಕ್ಕರು. ನೀರು ಹಾಕುತ್ತಿದ್ದ ನನ್ನ ತಂಗಿ ರಂಗಿ, “ನಮ್ಮಕ್ಕ ಬಾಯಿ ಬಿಡಾದೇ ವರ್ಷಕ್ಕೊಂದ್ಸಲ, ಬಿಟ್ರೆ ಇಂಗೆ” ಅಂದಳು. ‘ಅಡಿಯಲ್ಲಿ’ ಎಂಬ ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ನಾಚಿಕೆಯಾಗಿ, ತಲೆ ತಗ್ಗಿಸಿಕೊಂಡು ನಾಲ್ಕನೇ ಸಾಲಿಗೆ ಹೋದೆ.

ಗಿಡ ಬೆಳ್ಳಗಾದಷ್ಟೂ ಅಜ್ಜನಿಗೆ ಸಮಾಧಾನ, ಬೂದಿ ಚೆನ್ನಾಗಿ ಕೂತಿದೆಯೆಂದು. ಹನ್ನೆರಡನೇ ದಿನ ಎಲೆ ಮುದುರಿ ಉದುರತೊಡಗಿದಾಗ ಅವರೇ ಒಂದು ಗಿಡ ಕಿತ್ತು ಮಗುಚಿ ನೋಡಿದರು. ಗಿಡ ಹಿಡಿದುಕೊಂಡೇ ನನ್ನ ಹತ್ತಿರ ಬಂದರು.

“ಹೇಳಿದ್ಯಲ್ಲವ್ವ. ಮತ್ಯಾಕ್ ಸುಮ್ಕಾದೆ?”

ಅಷ್ಟರಲ್ಲಿ ಗಾಳಿ ಅದನ್ನು ಆರೂ ಬಲೆಮನೆಗೆ ಮುಟ್ಟಿಸಿತ್ತು. ಈಗ ಎಲ್ಲೆಲ್ಲೂ ಬರೀ ಕಡ್ಡಿ. ಹೊಸ ಬೀಜ ಮೊಳೆತು ರಸಕ್ಕೆ ಬರಲು ಎರಡು ತಿಂಗಳು ಬೇಕು. ರಂಗಿಯ ಉಗುರು ಮೊನ್ನೆ ಹಳದಿಯಾಯಿತು.

ಹಿಂದಿನ ಕಾಲಕ್ಕೆ ಕಾಗದ ಒಯ್ಯುವವರು ಒಂದು ಹಾಳೆಗೆ ಮಾತ್ರ ಒಪ್ಪಿದ್ದಾರೆ, ಅದಕ್ಕೆ ಒಂದನ್ನೇ ಕೇಳುತ್ತೇನೆ. ಆ ರೋಗಕ್ಕೆ ಬೇರೆ ಹೆಸರಿಡಿ. ಯಾವುದಾದರೂ ಸರಿ, ಒಲೆಯಲ್ಲಿ ಇಲ್ಲದ ಹೆಸರು. ನಿಮ್ಮ ಮಕ್ಕಳಿಗೆ ಹೇಳಿಕೊಡಿ, ಅವರು ತಮ್ಮ ಮಕ್ಕಳಿಗೆ ಹೇಳಲಿ. ಆಗ ಅದು ನನ್ನವರೆಗೂ ಬರುತ್ತದೆ, ಆ ಬೆಳಿಗ್ಗೆ ನಾನು ಅಜ್ಜನ ಮುಂದೆ ಆ ಹೆಸರನ್ನೇ ಹೇಳಿರುತ್ತೇನೆ.

ಇದನ್ನು ಬರೆಯುವಾಗಲೂ ನನ್ನ ಬಾಯಿಗೆ ಬರುತ್ತಿರುವುದು ‘ಬೂದಿ’ ಎಂಬ ಮಾತೇ. ಅಂದರೆ ನೀವು ಇನ್ನೂ ಹೆಸರಿಟ್ಟಿಲ್ಲ. ಬೇಗ ಇಡಿ. ರಂಗಿಯ ಹೊಟ್ಟೆಯಲ್ಲಿ ಇವತ್ತು ಗಂಜಿಯೂ ನಿಲ್ಲಲಿಲ್ಲ.