ತೆಂಕಣಕ್ಕೆ ಮೂರು ಮೈಲಿ

ಬೈತಖೋಲ, ಕಾರವಾರ
೧೨ ಜೂನ್ ೨೦೨೫

ಚಿ. ಪ್ರೀತಿಗೆ,

ನಿನ್ನ ಬಾಬಾ ಮಾಡುವ ಆಶೀರ್ವಾದಗಳು. ಚಿ. ಎಂದು ಬರೆದ ಮೇಲೆ ರೂಢಿಯಂತೆ ಸೌ. ಬರೆಯಲು ಹೋಗಿ ಪೆನ್ನು ನಿಂತಿತು. ತಪ್ಪು ತಿಳಿಯಬೇಡ. ನೀನು ಹೋಗಿ ಮೂರು ತಿಂಗಳಾದರೂ ಬರೆಯಲಿಲ್ಲ, ಅದಕ್ಕೂ ಕ್ಷಮಿಸು. ಫೋನು ನೀನು ಎತ್ತುವುದಿಲ್ಲ. ಈಗ ಮಳೆಗಾಲದ ರಜೆ, ಬೋಟು ದಡದಲ್ಲಿ ತಾಡಪಾಲು ಹೊದ್ದು ಕೂತಿದೆ, ನನಗೂ ಬೇರೆ ಕೆಲಸವಿಲ್ಲ.

ನಿನ್ನ ಆಯಿಯ ಮೊಣಕಾಲು ಹಾಗೇ ಇದೆ. ಶಿರವಾಡದ ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದಿದ್ದಾರಂತೆ. ಆದರೂ ದಿನಾ ಮಾಳಿಗೆಗೆ ಹೋಗಿ ನಿನ್ನ ಖೋಲಿ ಗುಡಿಸಿ ಬರುತ್ತಾಳೆ. ನೀನು ಯಾಕೆ ಹೋದೆ ಎಂದು ನನ್ನನ್ನು ಕೇಳುತ್ತಾಳೆ. ಅತ್ತೆಗೆ ಹುಷಾರಿಲ್ಲ, ಅದಕ್ಕೇ ಬೇಲೇಕೇರಿಗೆ ಹೋದಳು ಎಂದು ಹೇಳಿದ್ದೇನೆ.

ಕಾಶಿ ನಿನಗೆ ಏನು ಹೇಳಿದ ಎಂಬುದು ನನಗೆ ಗೊತ್ತಾಗಿದೆ. ಹನ್ನೊಂದು ವರ್ಷ ನನ್ನ ಬೋಟಿನ ಎಂಜಿನ್ ನೋಡಿಕೊಂಡವನು, ಶಿಗ್ಮೆ ಹಬ್ಬದ ಮರುದಿನ ಕೆಲಸ ಬಿಟ್ಟು ಹೋದ. ಅವನು ಹೇಳಿದ್ದು ಸುಳ್ಳಲ್ಲ.

ಕಳೆದ ಸಪ್ಟೆಂಬರಿನ ಆ ಬೆಳಿಗ್ಗೆ ಕಿಶನ ತನ್ನ ದೋಣಿಯಲ್ಲಿ ಒಬ್ಬನೇ ಮೀನಿಗೆ ಹೋಗಿದ್ದ, ಜೊತೆಯವನಿಗೆ ಜ್ವರ. ಹತ್ತು ಗಂಟೆಗೆ ವಾಯರ್‌ಲೆಸ್ಸಿನಲ್ಲಿ ಅವನ ದನಿ ಬಂತು. ನಿಮ್ಮ ಮದುವೆಯಾಗಿ ಎರಡು ವರ್ಷದಲ್ಲಿ ಅವನು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ಮಾಮಾ, ಎಂಜಿನ್ ಹೋಯ್ತು. ದೇವಗಡ ದ್ವೀಪದಿಂದ ಪಡುವಕ್ಕೆ ಒಂಬತ್ತು ಮೈಲಿ. ಗಾಳಿ ತೆಂಕಕ್ಕೆ ನೂಕ್ತಾ ಉಂಟು. ಬತ್ರಿ ಅಲ್ಲಾ?"

"ಬತ್ತೆ. ಅಲ್ಲೇ ಇರು," ಅಂದೆ.

ಅಲ್ಲೇ ಇರುವುದು ಅವನ ಕೈಯಲ್ಲಿರಲಿಲ್ಲ. ಅವನಿದ್ದ ಜಾಗಕ್ಕೆ ನನಗೆ ಒಂದೂವರೆ ತಾಸಿನ ದಾರಿ. ಗಾಳಿ ಮೀನಿಲ್ಲದ ಅವನ ಹಗುರ ದೋಣಿಯನ್ನು ತಾಸಿಗೆ ಎರಡು ಮೈಲಿ ತೆಂಕಣಕ್ಕೆ ಒಯ್ಯುತ್ತಿತ್ತು. ನಾನು ಹೋಗಬೇಕಾದದ್ದು ಅವನು ಹೇಳಿದಲ್ಲಿಗಲ್ಲ, ಅಲ್ಲಿಂದ ಮೂರು ಮೈಲಿ ತೆಂಕಣಕ್ಕೆ. ಇದನ್ನು ನೀನು ಹತ್ತು ವರ್ಷದವಳಿದ್ದಾಗ ನಿನಗೇ ಅಡುಗೆಮನೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಕಲಿಸಿದ್ದೆ. ಕಿಶನನಿಗೂ ಕಲಿಸಿದವನು ನಾನೇ. ಅವನು ನನ್ನ ಬೋಟಿನಲ್ಲಿ ಕಲಿತು, ಆಮೇಲೆ ನಾನು ಬಲೆ ಬಿಡುವ ಮೊದಲೇ ಬಂಗಡೆಯ ಹಿಂಡಿನ ಮುಂದೆ ಹೋಗಿ ನಿಲ್ಲುತ್ತಿದ್ದ. ತುಳಸಿದಾಸನಿಗೆ ಕಣ್ಣು ಮಂಜಾಯಿತು ಎಂದು ಬಂದರಿನಲ್ಲಿ ನಗುತ್ತಿದ್ದರು. ನಾನು ಸಮುದ್ರದಲ್ಲಿದ್ದ ದಿನ ನೋಡಿ ನಿನ್ನನ್ನೂ ಕರೆದುಕೊಂಡು ಹೋದ.

ನಾನು ಜಿಪಿಎಸ್‌ನಲ್ಲಿ ಅವನು ಹೇಳಿದ ಜಾಗವನ್ನೇ ಒತ್ತಿದೆ. ಕಾಶಿ ಅದನ್ನು ನೋಡಿದ.

"ತಾಂಡೇಲ್ರೇ, ಅಂವ ಅಲ್ಲೇ ಕೂತಿರ್ತ್ನಾ? ತೆಂಕಕ್ಕೆ ಹಿಡೀರಿ."

"ನೀ ನಿನ್ನ ಎಂಜಿನ್ ನೋಡು," ಅಂದೆ.

ಹನ್ನೊಂದೂವರೆಗೆ ತಲುಪಿದೆವು. ಮಳೆ, ಬರೀ ನೀರು. ಅವನ ವಾಯರ್‌ಲೆಸ್ಸು ಅಷ್ಟರಲ್ಲಿ ಸತ್ತಿತ್ತು. ಒಂದು ತಾಸು ಅಲ್ಲೇ ಸುತ್ತಿದೆ. ಹುಡುಕಲು ಬಂದ ಉಳಿದ ಬೋಟಿನವರು ಎಲ್ಲಿ ಹುಡುಕೋಣ ಎಂದು ಕೇಳಿದಾಗ ಬಡಗಣಕ್ಕೆ ಎಂದೆ. ಬೋಟು ನಡೆಸಿ ಪಳಗಿದ ಹಿರಿಯ ತಾಂಡೇಲ, ಸ್ವಂತ ಮಾವ, ಅವನ ಮಾತು ತಪ್ಪೀತೇ ಎಂದು ಎಲ್ಲರೂ ಬಡಗಣಕ್ಕೇ ಹೋದರು. ಮೂರನೆಯ ದಿನ ಅವನು ಹೆಣವಾಗಿ ಅಂಕೋಲೆಯ ಕೇಣಿ ದಂಡೆಗೆ ಬಂದ. ಅದು ತೆಂಕಣವೇ. ಯಾರೂ ಲೆಕ್ಕ ಹಾಕಲಿಲ್ಲ. ಅಳಿಯನಿಗಾಗಿ ಮೂರು ದಿನ ಮಳೆಯಲ್ಲಿ ಹುಡುಕಿದನೆಂದು ದೀಪಾವಳಿಗೆ ಬಂದರಿನವರು ನನಗೆ ಶಾಲು ಹೊದಿಸಿದರು. ನೀನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಮನೆಗೆ ಬಂದು ಕಾಲಿಗೆ ಬಿದ್ದು, "ನೀವು ಎಷ್ಟು ಮಾಡ್ಬೇಕೋ ಅಷ್ಟು ಮಾಡಿದ್ರಿ ಬಾಬಾ" ಅಂದೆ.

ನಿನ್ನ ಬಳಿ ಇನ್ನು ಸುಳ್ಳು ಹೇಳುವುದಿಲ್ಲ. ಅವನ ದಿನಕರ್ಮ ಮುಗಿದ ಮೇಲೆ ನೀನು ನಮ್ಮಲ್ಲಿಗೆ ಬಂದು ಇದ್ದ ಆ ಐದು ತಿಂಗಳು ನಾನು ಸುಖವಾಗಿದ್ದೆ. ಬೆಳಿಗ್ಗೆ ನೀನು ಮಾಡಿದ ಚಹಾ ಕುಡಿದು ಬಂದರಿಗೆ ಹೋಗುತ್ತಿದ್ದೆ. ಸಂಜೆ ನಿನಗೆ ಇಷ್ಟವೆಂದು ನೊಗಲಿ ಮೀನು ಆರಿಸಿ ತರುತ್ತಿದ್ದೆ. ನೀನು ಊಟ ಬಿಟ್ಟು ಎದ್ದು ಹೋದ ರಾತ್ರಿಗಳಲ್ಲೂ ಮಗಳು ಮನೆಯಲ್ಲಿದ್ದಾಳಲ್ಲ ಎಂದು ನಾನು ಹೊಟ್ಟೆತುಂಬ ಉಂಡಿದ್ದೇನೆ.

ಪೊಲೀಸರಿಗೆ ಹೇಳುವುದಾದರೆ ಹೇಳು, ನಾನು ಇಲ್ಲವೆನ್ನುವುದಿಲ್ಲ. ಆದರೆ ಆಯಿಗೆ ಹೇಳಬೇಡ. ಆಕೆ ಕಿಶನನ ಫೋಟೋಕ್ಕೆ ದಿನಾ ಅಬ್ಬಲಿಗೆ ಇಡುತ್ತಾಳೆ.

ನಿನ್ನ ಅತ್ತೆಗೆ ನಮಸ್ಕಾರ ತಿಳಿಸು ಎಂದು ಬರೆಯಲು ನನಗೆ ಮುಖವಿಲ್ಲ. ಮಳೆಯಲ್ಲಿ ತಿರುಗಬೇಡ, ನಿನಗೆ ಬೇಗ ಕೆಮ್ಮು ಹಿಡಿಯುತ್ತದೆ. ದೇವರು ನಿನ್ನ ಬೆನ್ನಿಗಿರಲಿ, ಆಯುಷ್ಯ ಕೊಡಲಿ.

ನಿನ್ನ ಬಾಬಾ,
ತುಳಸಿದಾಸ

ತಾ.ಕ.: ಕಾಶಿಗೆ ಗೊತ್ತಿರುವುದು ಅಷ್ಟೇ. ಆ ದಿನ ಎರಡು ಗಂಟೆಗೆ ಅವನು ಕೆಳಗೆ ಎಂಜಿನ್ ಬಳಿ ಇದ್ದ. ನಮ್ಮ ಬೋಟಿನಲ್ಲಿದ್ದ ಉಳಿದ ನಾಲ್ವರನ್ನು ಹಿಂಬದಿಯಲ್ಲಿ ನಿಲ್ಲಿಸಿ ಬಡಗು ನೋಡಿ ಎಂದಿದ್ದೆ. ಯಾಕೆಂದು ಈಗಲೂ ತಿಳಿಯದು, ನಾನು ಬೋಟನ್ನು ಮೆಲ್ಲಗೆ ತೆಂಕಣಕ್ಕೆ ಬಿಟ್ಟಿದ್ದೆ. ಮಳೆ ಒಂದು ಗಳಿಗೆ ಬಿಟ್ಟಿತು. ಅರ್ಧ ಮೈಲಿಯಲ್ಲಿ ಅವನ ದೋಣಿ. ಕಿಶನ ಎದ್ದು ನಿಂತು ಅಂಗಿ ಬೀಸುತ್ತಿದ್ದ. ನನ್ನ ಬೋಟನ್ನು ಗುರುತು ಹಿಡಿದಿರಬೇಕು. ಬೀಸುವುದನ್ನು ನಿಲ್ಲಿಸಿ, ಅಂಗಿ ಹಾಕಿಕೊಂಡು, ನಮ್ಮತ್ತ ಎಸೆಯಲು ಹಗ್ಗ ಸುತ್ತತೊಡಗಿದ. ನಾನು ಚುಕ್ಕಾಣಿಯನ್ನು ಬಡಗಣಕ್ಕೆ ತಿರುಗಿಸಿದೆ.