ಗಾಳಿಯಂತ್ರ ನಿಲ್ಲಿಸಿದವರಿಗೆ

ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಪ್ರವಾಸಿಗರ ನಿದ್ದೆ ಕೆಡುತ್ತದೆಂದು ನಮ್ಮೂರಿನ ಕೊಳಚೆ ನೀರು ಶುದ್ಧೀಕರಣ ಘಟಕದ ಗಾಳಿಯಂತ್ರವನ್ನು ನಿಲ್ಲಿಸಿದವರು ನೀವು. ಅದನ್ನು ಮತ್ತೆ ಚಾಲೂ ಮಾಡಿದ ತಪ್ಪಿಗೆ ನನ್ನ ತಮ್ಮನನ್ನು ಅಮಾನತು ಮಾಡಿದವರೂ ನೀವೇ. ಒಂದೂವರೆ ತಿಂಗಳಲ್ಲಿ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿದೆ. ಇನ್ನು ಊರೇ ಪರಿಶೀಲಿಸಲಿ ಎಂದು ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಘಟಕಕ್ಕೆ ನೀವು ಕಾಲಿಟ್ಟದ್ದು ಉದ್ಘಾಟನೆಯ ದಿನ ಮಾತ್ರ, ಅದೂ ರಿಬ್ಬನ್ ಕಟ್ಟಿದ್ದ ಬಾಗಿಲಿನವರೆಗೆ. ಆದ್ದರಿಂದ ವಿವರಿಸಬೇಕಾಗಿದೆ. ಅಲ್ಲಿನ ದೊಡ್ಡ ತೊಟ್ಟಿಯಲ್ಲಿ ಹೊಲಸನ್ನು ತಿಂದು ನೀರನ್ನು ತಿಳಿ ಮಾಡುವುದು ಕಣ್ಣಿಗೆ ಕಾಣದ ಜೀವಾಣುಗಳು. ಅವಕ್ಕೆ ಹಗಲೂ ರಾತ್ರಿ ಗಾಳಿ ಬೇಕು; ಅದನ್ನು ತೊಟ್ಟಿಯೊಳಕ್ಕೆ ಊದುವುದೇ ಈ ಯಂತ್ರ. ಹನ್ನೊಂದು ವರ್ಷದಿಂದ ಆ ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದ ನನ್ನ ತಮ್ಮ ದಿನಾಲೂ ಒಂದು ಗಾಜಿನ ಜಾಡಿಯಲ್ಲಿ ಅದರ ನೀರು ತುಂಬಿ ಕಿಟಕಿಯಲ್ಲಿಡುತ್ತಿದ್ದ. ಅರ್ಧ ಗಂಟೆಯ ಮೇಲೆ ಕೆಳಗೆ ಕಂದು ಬಣ್ಣದ ಕೆಸರು ಕೂತು ಮೇಲೆ ತಿಳಿನೀರು ನಿಂತಿದ್ದರೆ “ನನ್ನ ದನಕರು ಆರಾಮಾಗಿವೆ” ಎಂದು ಹೇಳಿ ಊಟಕ್ಕೆ ಕೂರುತ್ತಿದ್ದ.

ಸೀಸನ್ ಶುರುವಾಯಿತು. ಊರಿನ ಜನ ಮೂರು ಪಟ್ಟಾದರು, ಕೊಳಚೆಯೂ ಅಷ್ಟೇ ಆಯಿತು. ಅದೇ ವಾರ ಪಕ್ಕದ ಹೊಸ ಹೋಟೆಲಿನವರು ಯಂತ್ರದ ಗುಂಯ್‌ ಸದ್ದಿನ ಮೇಲೆ ದೂರು ಕೊಟ್ಟರು. ನೀವು ‘ಸೀಸನ್ ಮುಗಿಯುವವರೆಗೆ ಸ್ಥಗಿತಗೊಳಿಸತಕ್ಕದ್ದು’ ಎಂದು ಬರೆದಿರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ. ಹೋಟೆಲಿಗೆ ನೆಗಡಿ ಬಂತೆಂದು ಊರಿನ ಮೂಗು ಕೊಯ್ದವರನ್ನು ಈಗಷ್ಟೇ ನೋಡುತ್ತಿದ್ದೇನೆ. ನಾತ ಎದ್ದಾಗ ಏನು ಮಾಡಿದಿರಿ? ಬೇಲಿಯುದ್ದಕ್ಕೂ ಮಲ್ಲಿಗೆ ಸೆಂಟು ಹೊಡೆಸಿದಿರಿ! ತಾವು ಕಾರಿನ ಗಾಜು ಏರಿಸಿಕೊಂಡೇ ಅದನ್ನು ಪರಿವೀಕ್ಷಿಸಿದಿರಂತೆ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ನಾನು ಇಪ್ಪತ್ತಾರು ವರ್ಷದಿಂದ ಈ ಕಡಲಿನಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಯಂತ್ರ ನಿಂತಾಗ, ನನ್ನ ಸೀಟಿ ಕೊನೆಯ ಮಗುವಿಗೂ ಕೇಳಿಸುತ್ತದೆ ಎಂದು ಹಿಗ್ಗಿದೆ. ಮೂರನೇ ದಿನ ಬೆಳಗ್ಗೆ ನನ್ನ ತಮ್ಮ ಜಾಡಿ ಹಿಡಿದುಕೊಂಡೇ ದಡಕ್ಕೆ ಓಡಿಬಂದ. ಒಳಗಿನ ನೀರು ಮಸಿಯಂತಿತ್ತು.

“ಅಕ್ಕಾ, ಮಕ್ಕಳನ್ನ ನೀರಿಗೆ ಇಳಿಸ್ಬೇಡ ಕಣೇ. ಎಲ್ಲಾ ಉಸಿರುಕಟ್ಟಿ ಸತ್ತಿವೆ. ಹೊಲಸು ಬಂದ ಹಾಗೇ ಕಡಲಿಗೆ ಹೋಗ್ತಿದೆ.”

“ಸಾಕು ಸುಮ್ನಿರೋ, ನಿನ್ನ ಹುಳಗಳ ಪುರಾಣ! ಇಷ್ಟು ದೊಡ್ಡ ಕಡಲು, ಅದಕ್ಕೇನಾಗುತ್ತೆ?” ಎಂದು ನಕ್ಕು ಮಕ್ಕಳನ್ನು ನೀರಿಗೆ ಇಳಿಸಿಬಿಟ್ಟೆ.

ಆ ವಾರವೇ ಒಂಬತ್ತು ಮಕ್ಕಳು ವಾಂತಿಭೇದಿಯಿಂದ ಮಲಗಿದರು. ಎಲ್ಲರಿಗಿಂತ ಚಿಕ್ಕವಳು, ನಾವು ಮೀನುಮರಿ ಎಂದು ಕರೆಯುವ ಏಳು ವರ್ಷದ ಹುಡುಗಿ, ಆರು ದಿನ ಆಸ್ಪತ್ರೆಯಲ್ಲಿದ್ದಳು. ಅವಳ ತಾಯಿ ನನ್ನನ್ನು ಬೈಯಲಿಲ್ಲ. “ನೀವಿದ್ದೀರಲ್ಲ ಅಂತ ಕಣ್ಣು ಮುಚ್ಕೊಂಡು ಕಳಿಸ್ದೆ ಟೀಚರ್” ಎಂದಷ್ಟೇ ಹೇಳಿದಳು. ನಾಚಿಕೆಯಿಂದ ಕುಗ್ಗಿಹೋದೆ. ನಾಚಿಕೆ ಎಂದರೇನು ಎಂದು ನಿಮ್ಮ ಕಚೇರಿಯಲ್ಲಿ ಯಾರನ್ನಾದರೂ ಕೇಳಿ ತಿಳಿದುಕೊಳ್ಳಿ.

ಮಕ್ಕಳು ಮಲಗಿದ ಸುದ್ದಿ ತಿಳಿದ ಮಧ್ಯಾಹ್ನವೇ ನನ್ನ ತಮ್ಮ ಯಂತ್ರ ಚಾಲೂ ಮಾಡಿದ. ಸಂಜೆಯೊಳಗೆ ಅಮಾನತಿನ ಆದೇಶ ಬಂತು: ‘ಅತಿಥಿಗಳ ನೆಮ್ಮದಿಗೆ ಭಂಗ’. ಯಂತ್ರ ಮತ್ತೆ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಮಕ್ಕಳ ಕಾಯಿಲೆಗೆ ನಿಮ್ಮ ಕಚೇರಿ ಕೊಟ್ಟ ಕಾರಣ ದಡದಲ್ಲಿ ಮಾರುವ ಐಸ್‌ಕ್ರೀಂ. ಐಸ್‌ಕ್ರೀಂನವನು ಆ ವಾರ ಮಗಳ ಮದುವೆಗೆಂದು ಊರಲ್ಲೇ ಇರಲಿಲ್ಲ!

ತಮ್ಮನನ್ನು ಕೆಲಸಕ್ಕೆ ಕರೆಸಿ, ಯಂತ್ರ ಚಾಲೂ ಮಾಡಿಸಿ. ಸತ್ತ ಜೀವಾಣುಗಳನ್ನು ಮತ್ತೆ ಬೆಳೆಸಲು ಅವನಿಗೆ ಮೂರು ವಾರವಾದರೂ ಬೇಕಂತೆ. ಅಲ್ಲಿಯವರೆಗೆ ‘ಈ ನೀರಿಗೆ ಇಳಿಯಬೇಡಿ’ ಎಂದು ಹೋಟೆಲಿನ ಕಿಟಕಿಗಳಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆಸಿ ದಡದಲ್ಲಿ ಫಲಕ ಹಾಕಿಸಿ. ಕೆಳಗೆ ನಿಮ್ಮ ಸಹಿ ಇರಲಿ.

ಮೀನುಮರಿ ಚೇತರಿಸಿಕೊಂಡಿದ್ದಾಳೆ. ಈಗ ನಮ್ಮ ತರಗತಿ ನಡೆಯುವುದು ಶಾಲೆಯ ಹಜಾರದಲ್ಲಿ. ನಿನ್ನೆ ಅವಳು ಬೆಂಚಿನ ಮೇಲೆ ಬೋರಲು ಮಲಗಿ, ಕೈಕಾಲು ಬಡಿಯುತ್ತಾ, “ಟೀಚರ್, ಎಷ್ಟು ದೂರ ಬಂದೆ?” ಎಂದು ಕೇಳಿದಳು. ಅವಳಿಗೆ ಏನು ಹೇಳಲಿ, ಬರೆದು ತಿಳಿಸಿ.

ಇಂತಿ,
ಕಡಲ ಪಕ್ಕದಲ್ಲಿದ್ದೂ ಬೆಂಚಿನ ಮೇಲೆ ಈಜು ಕಲಿಸುತ್ತಿರುವವಳು