ಕುಳ್ಳನ ಅಳತೆಯ ಗಾಡಿ

ವೆಂಡೆಲ್,

ಬರೆಯುವುದೆಂದರೆ ನನಗೆ ಹಿಂಸೆ. ನಿನ್ನ ಅತ್ತಿಗೆ ಲೋರ್ನಾ ಬಿಡಲಿಲ್ಲ. ನೀನು ಮನೆ ಬಿಟ್ಟು ಹೋಗಿ ಒಂಬತ್ತು ವರ್ಷ, ವಿಳಾಸವಿಲ್ಲ, ಇದನ್ನು ಅಂಚೆಗೆ ಹಾಕುವುದೂ ಇಲ್ಲ.

ಅಪ್ಪನ ಲಟಾರಿ ಪಿಕಪ್ಪನ್ನು ರ್‍ಯಾಟ್ ರಾಡ್ ಮಾಡಿದೆ, ಅದೇ ಚಾವಣಿ ತಗ್ಗಿಸಿ ತುಕ್ಕಿನ ಸಮೇತ ಓಡಿಸುವ ಗಾಡಿ. ಮುಟ್ಟಿದರೆ ಕೈ ಮುರಿಯುತ್ತೇನೆಂದು ನಿನಗೆ ಹೇಳಿದ್ದ ನಾನೇ ಕತ್ತರಿಸಿದೆ. ತುಕ್ಕನ್ನು ಉಜ್ಜಲಿಲ್ಲ, ಬಣ್ಣ ಬಳಿಯಲಿಲ್ಲ. ಗಾಡಿಯ ಬಾಗಿಲ ಕಂಬದಲ್ಲಿ, ಇಲ್ಲಿ ಕತ್ತರಿಸು ಎನ್ನುವಂತೆ, ಮೊಳೆಯಿಂದ ಗೀರಿದ ಗೆರೆಯೊಂದಿತ್ತು. ಅಷ್ಟಕ್ಕೇ ಚಾವಣಿ ತಗ್ಗಿಸಿ ಬೆಸುಗೆ ಹಾಕಿದೆ. ಇವತ್ತು ಹತ್ತಿ ಕೂತರೆ ಕತ್ತು ನೆಟ್ಟಗೆ ನಿಲ್ಲದು.

ಲೋರ್ನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದು ನಿಮ್ಮ ತಮ್ಮ ಗೀರಿದ್ದು ಕಣ್ರೀ, ಆ ಕುಳ್ಳನ ಅಳತೆ. ಇನ್ನು ನಿಮ್ಮ ತಲೇನೂ ಕತ್ತರಿಸ್ಕೊಳ್ಳಿ."

ಚಾವಣಿಯನ್ನು ಮತ್ತೆ ಎತ್ತರಿಸುವುದಿಲ್ಲ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಓಡಿಸುವವನೆಂದು ನಿನ್ನ ಹೆಸರನ್ನೇ ಬರೆಸಿದ್ದೇನೆ. ಬರುತ್ತೀಯೋ ಇಲ್ಲವೋ, ಜೂನ್ ಇಪ್ಪತ್ತರೊಳಗೆ ಹೇಳು.